ಅತ್ತೆಯ ಅನಿವಾರ್ಯ ಕಾರಣ

ನಮ್ಮ ಅತ್ತೆ ತಿಂಗಳಿಗೆ ಮೂರು ಸಲ ಹೊರಗೆ ಕೂರುತ್ತಿದ್ದಳು ಎಂದರೆ ನೀವು ನಂಬುತ್ತೀರಾ? ಓದುವವರು ಹೆಂಗಸರಾದರೆ “ಹೋಗೇ, ಸುಳ್ಳು ಹೇಳಬೇಡ” ಎನ್ನುತ್ತೀರಿ. ಗಂಡಸರಾದರೆ ಪುಸ್ತಕ ಮಡಚಿಟ್ಟು, ಬಾರದ ಕೆಮ್ಮು ಕೆಮ್ಮಿ, ತೆಂಗಿನಮರದಲ್ಲಿ ಕಾಯಿ ಎಷ್ಟಿವೆ ಎಂದು ನೋಡಲು ಅಂಗಳಕ್ಕೆ ಇಳಿಯುತ್ತೀರಿ. ನನ್ನ ಮಾವ ಮಾಡುತ್ತಿದ್ದದ್ದೂ ಅದನ್ನೇ. ಆ ಅಂಗಳದಲ್ಲಿ ಇದ್ದದ್ದು ಒಂದೇ ಒಂದು ತೆಂಗಿನಮರ. ಅದರ ಕಾಯಿಗಳನ್ನು ಮಾವನಷ್ಟು ಸಲ ಎಣಿಸಿದವರು ಹೊನ್ನಾವರದಲ್ಲೇ ಇರಲಿಲ್ಲ!

ಹೊರಗೆ ಕೂರುವುದು ಎಂದರೇನೆಂದು ಈಗಿನ ಹುಡುಗಿಯರಿಗೆ ಬಿಡಿಸಿ ಹೇಳಬೇಕು. ಐವತ್ತರ ದಶಕದ ಕೊನೆಯ ಮಾತು ಇದು. ಮುಟ್ಟಾದ ಹೆಂಗಸು ಮೂರು ದಿನ ಹಿಂದಿನ ಜಗಲಿಯಲ್ಲಿ ಚಾಪೆ, ತಟ್ಟೆ, ಚೊಂಬು ಇಟ್ಟುಕೊಂಡು ಕೂರಬೇಕು. ಅವಳು ಯಾರನ್ನೂ ಮುಟ್ಟುವಂತಿಲ್ಲ, ಅವಳನ್ನೂ ಯಾರೂ ಮುಟ್ಟುವಂತಿಲ್ಲ. ಅಪ್ಪಿತಪ್ಪಿ ಮುಟ್ಟಿದರೆ ಮುಟ್ಟಿದವರು ಮೀಯಬೇಕು. ಬಾವಿ, ತುಳಸಿಕಟ್ಟೆ, ಉಪ್ಪಿನಕಾಯಿ ಭರಣಿ ಇವುಗಳ ಹತ್ತಿರವೂ ಸುಳಿಯಬಾರದು. ನಾಲ್ಕನೇ ದಿನ ತಲೆ ಮಿಂದು ಒಳಗೆ ಬಂದರೆ ಆಯಿತು. ಮಕ್ಕಳು ಕೇಳಿದರೆ “ಕಾಗೆ ಮುಟ್ಟಿದೆ” ಎನ್ನುತ್ತಿದ್ದರು. ಊರಿನ ಕಾಗೆಗಳೆಲ್ಲ ಹೆಂಗಸರನ್ನೇ ಹುಡುಕಿಕೊಂಡು ಬಂದು ಯಾಕೆ ಮುಟ್ಟುತ್ತವೆ ಎಂದು ನಾನು ಚಿಕ್ಕಂದಿನಲ್ಲಿ ಬಹಳ ತಲೆ ಕೆಡಿಸಿಕೊಂಡಿದ್ದೆ.

ಅತ್ತೆ ಅಪ್ಪನ ಅಕ್ಕ. ಅಪ್ಪ ಭಟ್ಕಳದ ಹತ್ತಿರ ತೆಂಗಿನಗುಂಡಿಯಲ್ಲಿ ಕನ್ನಡ ಶಾಲೆ ಮಾಸ್ತರು. ಅಲ್ಲಿ ಏಳನೇ ಇಯತ್ತೆ ಮುಗಿದ ಮೇಲೆ ನನ್ನನ್ನು ಹೈಸ್ಕೂಲಿಗೆಂದು ಹೊನ್ನಾವರದ ಅತ್ತೆಯ ಮನೆಗೆ ತಂದು ಬಿಟ್ಟರು. ಆ ಮನೆಯಲ್ಲಿ ಇದ್ದದ್ದು ಮೂರು ಜನ: ಅತ್ತೆ, ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಮಾವ, ಮತ್ತು ಮಾವನ ತಾಯಿ. ಅವಳನ್ನು ನಾನು ಅಜ್ಜಿ ಎಂದು ಕರೆಯುತ್ತಿದ್ದೆ. ಅತ್ತೆಗೆ ಆಗ ನಲವತ್ತನಾಲ್ಕು. ಮಕ್ಕಳಿರಲಿಲ್ಲ.

ಅತ್ತೆ ಯಾವುದಕ್ಕೂ ಹೆದರುವ ಜೀವವಲ್ಲ. ಬಚ್ಚಲಿಗೆ ಬಂದ ನಾಗರಹಾವಿನ ಎದುರು ಕಸಬರಿಗೆ ಹಿಡಿದು ನಿಂತು “ಹೋಗ್ತ್ಯಾ ಇಲ್ಯಾ?” ಎಂದು ಕೇಳಿದವಳು. ಶರಾವತಿಗೆ ಆಗಿನ್ನೂ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಬರುವವರು ಲಾಂಚಿನಲ್ಲಿ ಹೊಳೆ ದಾಟಬೇಕು. ಒಮ್ಮೆ ನಡುಹೊಳೆಯಲ್ಲಿ ಇಂಜಿನ್ನು ಕೆಟ್ಟು ನಿಂತಾಗ ಗಂಡಸರೆಲ್ಲ ದೇವರ ಹೆಸರು ಹೇಳುತ್ತಿದ್ದರೆ ಅತ್ತೆ ಎದ್ದು ಇಂಜಿನ್ನಿಗೇ ಬೈದಳಂತೆ. ಇಂಜಿನ್ನು ಹೆದರಿ ಶುರುವಾಯಿತು ಎಂದು ಮಾವ ಕೊನೆಯವರೆಗೂ ಪ್ರಮಾಣ ಮಾಡಿ ಹೇಳುತ್ತಿದ್ದ.

ಇಂಥ ಅತ್ತೆಗೆ ದೀಪಾವಳಿ ಕಳೆಯುವ ಹೊತ್ತಿಗೆ ಬಲಗಡೆಯ ಕೆಳದವಡೆ ಹಲ್ಲು ನೋಯತೊಡಗಿತು. ಲವಂಗ ಕಚ್ಚಿದಳು, ಇಂಗು ತುಂಬಿದಳು, ಪೇರಲೆ ಎಲೆ ಜಗಿದಳು. ಕೊನೆಗೆ ಕಾಗಾಲದಲ್ಲಿ ಒಬ್ಬ ಮುದುಕ ಹಲ್ಲಿನ ಹುಳ ಬೀಳಿಸುತ್ತಾನೆ ಎಂದು ಕೇಳಿ ಅಲ್ಲಿಗೂ ಹೋಗಿ ಬಂದಳು. ಅವನು ಕಾಡುಗುಳ್ಳದ, ಅಂದರೆ ಕಾಡುಬದನೆಯ, ಬೀಜವನ್ನು ಕೆಂಡಕ್ಕೆ ಹಾಕಿ, ಮೇಲೆ ಗರಟೆ ಕವುಚಿ, ತೂತಿನಿಂದ ಹೊಗೆ ಹಿಡಿಸುತ್ತಾನೆ. ಬಾಯಿಂದ ಹುಳಗಳು ಪಟಪಟನೆ ನೀರಿನ ತಟ್ಟೆಗೆ ಬೀಳುತ್ತವೆ. ಅತ್ತೆ ತನ್ನ ಹುಳಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಮನೆಗೇ ತಂದಳು!

“ನೋಡಿ, ಏಳು ಇದ್ದು” ಎಂದು ಮಾವನ ಮುಂದೆ ಬಿಚ್ಚಿದಳು.

ಮಾವ ಕನ್ನಡಕ ಹಾಕಿಕೊಂಡು ಸಾಕ್ಷ್ಯ ಪರಿಶೀಲಿಸುವ ಹಾಗೆ ನೋಡಿದ. “ಇದು ಹುಳ ಅಲ್ಲ. ಗುಳ್ಳದ ಬೀಜ ಬಿಸಿಗೆ ಒಡೆದು ಒಳಗಿನ ಮೊಳಕೆ ಹೊರಗೆ ಬೈಂದು.”

“ನಿಮ್ಗೆ ಹುಳದ ಮೋರೆ ಗೊತ್ತಿಲ್ಲೆ. ಇದು ಈಗಷ್ಟೇ ಸತ್ತಿದ್ದು.”

ಸತ್ತ ಹುಳಗಳು ಮಣ್ಣಿಗೆ ಬಿದ್ದವು, ಹಲ್ಲು ಮಾತ್ರ ನೋಯುತ್ತಲೇ ಇತ್ತು. ಆಗ ಮಾವ ಕುಮಟೆಯ ಹಲ್ಲಿನ ಡಾಕ್ಟರ ಹೆಸರು ಎತ್ತಿದ. ಮುಂಬಯಿಯಲ್ಲಿ ಕಲಿತು ಬಂದವರು, ತಿರುಗುವ ಕುರ್ಚಿ ಇದೆ, ಸೂಜಿ ಚುಚ್ಚಿದರೆ ನೋವೇ ಗೊತ್ತಾಗುವುದಿಲ್ಲ ಎಂದೆಲ್ಲ ವರ್ಣಿಸಿದ. ಅತ್ತೆಗೆ ಕೇಳಿಸಿದ್ದು “ಸೂಜಿ” ಎಂಬ ಒಂದೇ ಶಬ್ದ. ನಾಗರಹಾವಿಗೆ ಹೆದರದವಳ ಮುಖ ಸುಣ್ಣವಾಯಿತು. ಮಾವ ಪೋಸ್ಟ್ ಕಾರ್ಡು ಬರೆದ. ಬುಧವಾರ ಬನ್ನಿ ಎಂದು ಉತ್ತರವೂ ಬಂತು.

ಮಂಗಳವಾರ ಸಂಜೆ ಅತ್ತೆ ಒಲೆಯ ಮುಂದಿನಿಂದ ಎದ್ದವಳೇ ಸೀದಾ ಹಿಂದಿನ ಜಗಲಿಗೆ ಹೋಗಿ ಚಾಪೆ ಬಿಡಿಸಿದಳು. “ನಂಗೆ ಹೊರಗಾತು. ನಾಳೆ ಹೋಪಲೆ ಆಗ್ತಿಲ್ಲೆ.”

ಮಾವ ಕೆಮ್ಮಿ ಅಂಗಳಕ್ಕೆ ಇಳಿದ. ಇನ್ನೇನು ಮಾಡಿಯಾನು? ಹೊರಗಾದವಳು ಪ್ರಯಾಣ ಮಾಡಬಾರದು, ಡಾಕ್ಟರು ಅವಳ ಬಾಯಿಗೆ ಕೈ ಹಾಕಬಾರದು. ನಿಜವೋ ಎಂದು ಕೇಳುವುದಂತೂ ಗಂಡಸರ ಬಾಯಲ್ಲಿ ಬರುವ ಮಾತೇ ಅಲ್ಲ! ಕೋರ್ಟಿನಲ್ಲಿ ದಿನವಿಡೀ ಸುಳ್ಳುಸಾಕ್ಷಿ ಕೇಳಿ ಕೇಳಿ ಪಳಗಿದ ಮನುಷ್ಯ, ಈ ಒಂದು ಸಾಕ್ಷಿಯ ಪಾಟೀಸವಾಲಿಗೆ ಅವನಿಗೆ ಧೈರ್ಯ ಬರಲಿಲ್ಲ. ಡಾಕ್ಟರಿಗೆ ತಿಳಿಸಬೇಕಲ್ಲ? ಪೋಸ್ಟ್ ಕಾರ್ಡಿನಲ್ಲಿ ಇದ್ದದ್ದು ಇದ್ದಂತೆ ಬರೆದರೆ ಪೋಸ್ಟ್‌ಮ್ಯಾನ್ ಓದುತ್ತಾನೆ. “ಅನಿವಾರ್ಯ ಕಾರಣದಿಂದ ಬರಲಾಗಲಿಲ್ಲ” ಎಂದು ಬರೆದ.

ಮತ್ತೆ ಹದಿನಾಲ್ಕು ದಿನಕ್ಕೆ ಇನ್ನೊಂದು ಬುಧವಾರ ಗೊತ್ತಾಯಿತು. ಅತ್ತೆ ಮತ್ತೆ ಹೊರಗೆ! ಮಾವ ಮತ್ತೆ ಅನಿವಾರ್ಯ ಕಾರಣ ಬರೆದ. ಮೂರನೇ ಸಲವೂ ಹಾಗೇ ಆದಾಗ ಕುಮಟೆಯಿಂದ ಕಾರ್ಡು ಬಂತು: “ತಮ್ಮ ಅನಿವಾರ್ಯ ಕಾರಣ ಯಾವಾಗ ಮುಗಿಯುತ್ತದೆಂದು ಮೊದಲೇ ತಿಳಿಸಿದರೆ ಅನುಕೂಲ.” ಮಾವ ಅದನ್ನು ಓದಿ ನಾಚಿ, ಕಾರ್ಡನ್ನು ಪಂಚಾಂಗದೊಳಗೆ ಮುಚ್ಚಿಟ್ಟ.

ಕಷ್ಟವೆಲ್ಲ ಅಜ್ಜಿಗೆ. ಎಪ್ಪತ್ತು ದಾಟಿದ ಮುದುಕಿ ಆ ಮೂರು ಮೂರು ದಿನ ಅಡಿಗೆ ಮಾಡಬೇಕು. ಅವಳ ಅಡಿಗೆಯಲ್ಲಿ ಒಂದು ದಿನ ಉಪ್ಪಿಲ್ಲ, ಮರುದಿನ ಅದನ್ನೂ ಸೇರಿಸಿ ಎರಡು ದಿನದ ಉಪ್ಪು. ಸೊಸೆಗೆ ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದು ಅಜ್ಜಿಯೇ ತೀರ್ಮಾನಿಸಿ, ಯಾಣದ ಕಡೆಯ ನಾಟಿ ವೈದ್ಯನಿಂದ ಯಾವುದೋ ಚಕ್ಕೆ ತರಿಸಿ, ಹೊತ್ತಿಗೊಂದು ಲೋಟ ಕಷಾಯ ಕುಡಿಸತೊಡಗಿದಳು. ಒಂದು ತೊಟ್ಟು ನಾನು ನೆಕ್ಕಿ ನೋಡಿ ಮಧ್ಯಾಹ್ನದವರೆಗೆ ಉಗುಳುತ್ತಿದ್ದೆ. ಅತ್ತೆಯಾದರೋ ಕಣ್ಣು ಮಿಟುಕಿಸದೆ ಗಟಗಟನೆ ಕುಡಿದು ಲೋಟ ಕವುಚಿಡುತ್ತಿದ್ದಳು. ಸೂಜಿಯ ಮುಂದೆ ಅದು ಅವಳಿಗೆ ಪಾನಕ!

ನಾನು ಹಿಂದಿನ ವರ್ಷವಷ್ಟೇ ದೊಡ್ಡವಳಾಗಿದ್ದೆ. ಅತ್ತೆಯ ನಾಲ್ಕನೆಯದೋ ಐದನೆಯದೋ ಸಲಕ್ಕೆ ಸರಿಯಾಗಿ ನನಗೂ ಹೊರಗಾಯಿತು. ಜಗಲಿಯಲ್ಲಿ ಎರಡು ಚಾಪೆ ಬಿದ್ದವು. ಎರಡು ದಿನ ಕಳೆಯುವಾಗ ನನಗೊಂದು ವಿಚಿತ್ರ ಕಂಡಿತು. ಹಿತ್ತಲಿನ ಬೇಲಿಯ ಮರೆಯಲ್ಲಿ ಒಗೆದು ಒಣಗಿಸಿದ ಬಟ್ಟೆಯೆಲ್ಲ ನನ್ನದೇ. ಅತ್ತೆಯದು ಒಂದು ಚೂರೂ ಇಲ್ಲ.

“ಅತ್ತೇ, ನಿನ್ನ ಬಟ್ಟೆ ಎಲ್ಲಿದ್ದು?” ಎಂದು ಕೇಳಿಯೇಬಿಟ್ಟೆ.

ಅತ್ತೆ ಅತ್ತಿತ್ತ ನೋಡಿದಳು. ಅಜ್ಜಿ ಒಳಗೆ ಕಾಯಿ ತುರಿಯುತ್ತಿದ್ದಳು. “ಯಾರಿಗೂ ಹೇಳಡ. ನಂದು ನಿಂತು ವರ್ಷದ ಮೇಲಾತು.”

ನಾನು ಹೌಹಾರಿದೆ! ವರ್ಷದಿಂದ ಮುಟ್ಟೇ ಆಗದವಳು ತಿಂಗಳಿಗೆ ಮೂರು ಸಲ ಹೊರಗೆ ಕೂರುವುದೆಂದರೇನು? ಇನ್ನೂ ದೊಡ್ಡ ಆಶ್ಚರ್ಯವೆಂದರೆ ಆ ಸುಳ್ಳು ಮುಟ್ಟಿಗೂ ಅವಳು ಪಾಲಿಸುತ್ತಿದ್ದ ನಿಯಮ. ಬಾಯಾರಿದರೂ ಬಾವಿಯ ಹತ್ತಿರ ಹೋಗುತ್ತಿರಲಿಲ್ಲ. ದನ ತುಳಸಿಗೆ ಬಾಯಿ ಹಾಕಿದಾಗ ಕೂತಲ್ಲಿಂದಲೇ ಕೂಗಿದಳೇ ಹೊರತು ಏಳಲಿಲ್ಲ.

“ಸುಳ್ಳೇ ಅಲ್ದಾ ಅತ್ತೇ? ತುಳಸಿ ಮುಟ್ಟಿದ್ರೆ ಎಂತ ಆಗ್ತು?”

“ಛೀ! ಸುಳ್ಳು ಬೇರೆ, ಶಾಸ್ತ್ರ ಬೇರೆ. ಒಂದ್ಸಲ ಹೊರಗೆ ಕೂತ ಮೇಲೆ ಕೂತ ಹಾಂಗೇ ಇರವು.”

ಇದಕ್ಕೆ ಯಾವ ವಕೀಲನ ಹತ್ತಿರ ಉತ್ತರವಿದೆ ಹೇಳಿ? ತಲೆಯ ಮೇಲೆ ಕೈಯಿಟ್ಟು ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದೆ. ಮಾತು ಕೊಟ್ಟ ಮೇಲೆ ನಾನೂ ಆ ಅಪರಾಧದ ಪಾಲುದಾರಳಾದೆ. ಮಾವ ಎದುರು ಬಂದರೆ ನನಗೇ ಕೆಮ್ಮು ಬರತೊಡಗಿತು.

ಕೇಡು ನನಗೂ ಕಾದಿತ್ತು. ನನ್ನ ಎಡಗಡೆಯ ಒಂದು ಹಲ್ಲು ಬಹಳ ದಿನದಿಂದ ಜುಮು ಜುಮು ಎನ್ನುತ್ತಿತ್ತು. ಅತ್ತೆಯ ಗತಿ ನೋಡಿ ನಾನು ಬಾಯಿ ಬಿಟ್ಟಿರಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ತಿಂದ ಮೇಲೆ ಅದು ತಡೆಯದಾಯಿತು. ಮುಂದಿನ ಮಂಗಳವಾರ ನಾನು ನಿಜವಾಗಿ ಹೊರಗಾದೆ. ಬುಧವಾರಕ್ಕೆ ಮಾವ ಮತ್ತೊಮ್ಮೆ ಡಾಕ್ಟರನ್ನು ಗೊತ್ತುಮಾಡಿದ್ದರಿಂದ ಅತ್ತೆ ಎಂದಿನಂತೆ ಹೊರಗಾದಳು! ಮಾವ ಹೊಸ ಕಾರ್ಡು ಕೈಗೆತ್ತಿಕೊಂಡ.

ಬುಧವಾರ ಬೆಳಿಗ್ಗೆ ಎದ್ದಾಗ ನನ್ನ ಕೆನ್ನೆ ಊದಿ ಎಡಗಣ್ಣು ಮುಚ್ಚಿಹೋಗಿತ್ತು. ಬಾಯಿ ಎರಡು ಬೆರಳಗಲವೂ ತೆರೆಯದು. ನೀರು ನುಂಗಲಾಗದು. ಮೈ ಸುಡುತ್ತಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ ಗಾಬರಿಯಾದಳು. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕಾಸಿಕೊಳ್ಳಲು ಕೊಟ್ಟಳು. ಕೊಟ್ಟಳು ಎಂದರೆ ದೂರದಿಂದ ಎಸೆದಳು. ಅದು ಗುರಿ ತಪ್ಪಿ ನೀರಿನ ಚೊಂಬಿಗೆ ಬಿತ್ತು.

“ಕುಮಟೆಗೆ ಕರ್ಕಂಡು ಹೋಗವನಾ?” ಎಂದು ಮಾವ ಬಾಗಿಲ ಆಚೆಯಿಂದ ಕೇಳಿದ.

“ಹುಚ್ಚನಾ ನಿಂಗೆ?” ಎಂದಳು ಅಜ್ಜಿ. “ಕೆಳಗೆ ರಕ್ತ ಹೋಗ್ತಾ ಇಪ್ಪಕಾದ್ರೆ ಬಾಯಲ್ಲಿ ರಕ್ತ ಬಿಡಿಸಲಾಗ. ಎರಡೂ ನಿಲ್ತಿಲ್ಲೆ. ಕೂಸು ನಾಕನೇ ದಿನ ಮಿಂದ್ಕಂಡು ಹೋಗ್ಲಿ. ಈಗ ಅದನ್ನ ಮುಟ್ಟವ್ರು ಯಾರು, ಕರ್ಕಂಡು ಹೋಪವ್ರು ಯಾರು?”

ನಾಲ್ಕನೇ ದಿನವೆಂದರೆ ಇನ್ನೂ ಎರಡು ದಿನ ಕಾಯಬೇಕು. ತೆಂಗಿನಗುಂಡಿಗೆ ಕಾಗದ ಬರೆದು, ಅದು ಹೊಳೆ ದಾಟಿ, ಅಪ್ಪ ಹೊಳೆ ದಾಟಿ ಬರುವಾಗಲೂ ಅಷ್ಟೇ ದಿನ. ನನಗೆ ಅಳಲೂ ಬಾಯಿ ತೆರೆಯುತ್ತಿರಲಿಲ್ಲ. ಸತ್ತೇ ಹೋಗುತ್ತೇನೆ ಎಂದುಕೊಂಡೆ, ಸುಳ್ಳಲ್ಲ.

ಪಕ್ಕದ ಚಾಪೆಯ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದಳು. ಎದ್ದವಳು ಮೀಯಲಿಲ್ಲ, ಸೀರೆ ಬದಲಿಸಲಿಲ್ಲ, ಹೊಸಿಲು ದಾಟಿ ಸೀದಾ ಅಡಿಗೆಮನೆಗೆ ನಡೆದಳು! ಅಜ್ಜಿ “ಅಯ್ಯಯ್ಯೋ!” ಎಂದು ಅನ್ನದ ಪಾತ್ರೆಯನ್ನು ಎದೆಗೆ ಅವಚಿಕೊಂಡಳು. ಅತ್ತೆ ಗೂಟದಿಂದ ಚೀಲ ತೆಗೆದುಕೊಂಡು ತಿರುಗಿ ನಿಂತಳು.

“ನಂಗೆ ಎಂತೂ ಆಜಿಲ್ಲೆ. ನಿಂತು ವರ್ಷದ ಮೇಲಾತು. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ಕೂಸಿನ್ನ ನಾ ಕರ್ಕಂಡು ಹೋಗ್ತೆ.”

ಅಜ್ಜಿ ಪಾತ್ರೆ ಹಿಡಿದುಕೊಂಡೇ ಅಲ್ಲಿದ್ದ ಮಣೆಯ ಮೇಲೆ ಕೂತುಬಿಟ್ಟಳು. ಮಾವ ಈ ಸಲ ಅಂಗಳಕ್ಕೆ ಇಳಿಯಲಿಲ್ಲ. ಒಳಗೆ ಹೋಗಿ ಕೊಡೆ ತಂದುಕೊಟ್ಟ. ಅತ್ತೆ ಜಗಲಿಗೆ ಬಂದು, ಎರಡನೇ ದಿನದ ನನ್ನ ಕೈಯನ್ನು ಹಿಡಿದಳು. ಗಟ್ಟಿಯಾಗಿ ಹಿಡಿದಳು. ಮುಟ್ಟಾದಾಗ ನನ್ನನ್ನು ಒಬ್ಬರು ಮುಟ್ಟಿದ್ದು ಅದೇ ಮೊದಲು. ನನಗೆ ಹಲ್ಲುನೋವೇ ಒಂದು ಕ್ಷಣ ಮರೆತುಹೋಯಿತು.

ಬಸ್ಸಿನಲ್ಲಿ ಹಳದೀಪುರದ ಹತ್ತಿರ ಒಬ್ಬ ಭಟ್ಟರು ಹೂವಿನ ಬುಟ್ಟಿ ಹಿಡಿದು ಹತ್ತಿ ನನ್ನ ಪಕ್ಕಕ್ಕೇ ಬಂದರು. ಅತ್ತೆಯ ಆತ್ಮಸಾಕ್ಷಿ ಚುಚ್ಚಿತು. “ಭಟ್ರೇ, ಇಲ್ಲಿ ಕೂರಡಿ, ಕೂಸು ವಾಂತಿ ಮಾಡ್ಕತ್ತು” ಎಂದಳು. ಭಟ್ಟರು 'ಶಿವಶಿವ' ಎನ್ನುತ್ತ ಬಸ್ಸಿನ ಕೊನೆಗೆ ಓಡಿದರು. ಒಂದು ಸುಳ್ಳು ಒಪ್ಪಿಕೊಂಡು ಇನ್ನೂ ಎರಡು ಗಂಟೆ ಕಳೆದಿರಲಿಲ್ಲ ನೋಡಿ!

ಆದರೆ ಡಾಕ್ಟರ ಹತ್ತಿರ ಅವಳು ಹೇಳಿದ್ದು ಪೂರ್ತಿ ಸತ್ಯ, ಅದೂ ಏರುದನಿಯಲ್ಲಿ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೆನ್ನೆಗೆ ವಸ್ತ್ರ ಕಟ್ಟಿಕೊಂಡ ಭಟ್ಕಳದ ಸಾಹೇಬರೊಬ್ಬರು, ಮೀನು ಮಾರಿ ಬಂದ ಹೆಂಗಸೊಬ್ಬಳು, ಇನ್ನೂ ನಾಲ್ಕಾರು ಜನ. ಅತ್ತೆ ಒಳಗೆ ಕಾಲಿಟ್ಟವಳೇ, “ಡಾಕ್ಟ್ರೇ, ಮೊದ್ಲೇ ಹೇಳ್ತೇನೆ, ಆಮೇಲೆ ನನ್ನ ಬೈಬೇಡಿ. ಈ ಹುಡುಗಿ ಹೊರಗೆ ಕೂತವಳು. ಇವತ್ತು ಎರಡನೇ ದಿನ” ಎಂದಳು.

ಭೂಮಿ ಬಾಯಿ ತೆರೆದು ನನ್ನನ್ನು ನುಂಗಬಾರದೇ! ಸಾಹೇಬರು ಗೋಡೆಯ ಕಡೆ ತಿರುಗಿದರು. ಮೀನಿನ ಹೆಂಗಸು ಮಾತ್ರ “ಪಾಪ” ಎಂದು ನನಗೆ ಜಾಗ ಬಿಟ್ಟಳು.

ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು: “ನಾನು ಹಲ್ಲು ನೋಡುವವ ಅಮ್ಮಾ, ಪಂಚಾಂಗ ನೋಡುವವ ಅಲ್ಲ. ಕೂರಿಸಿ.”

“ರಕ್ತ ನಿಲ್ತದಾ?”

“ಹತ್ತಿ ಕಚ್ಚಿ ಕೂತರೆ ನಿಲ್ತದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ? ಕೀವು ಆಗಿದೆ ಒಳಗೆ. ಇನ್ನೂ ಎರಡು ದಿನ ಬಿಟ್ಟಿದ್ದರೆ ಗಂಟಲಿಗೆ ಇಳೀತಿತ್ತು, ಉಸಿರಿಗೇ ಕಷ್ಟ ಆಗ್ತಿತ್ತು.” ಆಮೇಲೆ ಅವರಿಗೆ ಏನೋ ಹೊಳೆಯಿತು. “ನೀವು ಹೊನ್ನಾವರದವರಾ? ಕೋರ್ಟು ಗುಮಾಸ್ತರ ಮನೆಯವರಾ? ಹಾಗಾದರೆ ಆ ಅನಿವಾರ್ಯ ಕಾರಣ ನೀವೇಯಾ?”

ಅತ್ತೆಯ ಕಣ್ಣು ತಟ್ಟೆಯಲ್ಲಿದ್ದ ಸೂಜಿಯ ಮೇಲಿತ್ತು. ನನ್ನ ಕಣ್ಣೂ ಅಲ್ಲೇ ಇತ್ತು. ನಾನು ಕುರ್ಚಿಯ ಹತ್ತಿರವೂ ಹೋಗಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ತಬ್ಬಿ ನಿಂತೆ. ಡಾಕ್ಟರು ಕರೆದರು, ಕಂಪೌಂಡರ್ ಎಳೆದ, ಮೀನಿನ ಹೆಂಗಸು ಪುಸಲಾಯಿಸಿದಳು. ಊಹೂಂ!

ಆಗ ಅತ್ತೆ ಚೀಲ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತಾನೇ ಹೋಗಿ ಆ ತಿರುಗುವ ಕುರ್ಚಿಯ ಮೇಲೆ ಕೂತಳು.

“ಮೊದ್ಲು ನಂದು ಕೀಳಿ. ಇವಳು ನೋಡ್ಲಿ.”

ಮೂರು ತಿಂಗಳು ಆ ಕುರ್ಚಿಯಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳಿ, ವಿಷದಂಥ ಕಷಾಯ ಕುಡಿದ ಹೆಂಗಸು! ಸೂಜಿ ಒಳಗೆ ಹೋದಾಗ ಅವಳ ಕಾಲಬೆರಳುಗಳು ಮುದುಡಿಕೊಂಡವು. ಚಪ್ಪಲಿಯೊಂದು ಟಪ್ಪೆಂದು ನೆಲಕ್ಕೆ ಬಿತ್ತು. ಇಕ್ಕಳ ಬಂದಾಗ ಇಡೀ ಮೈ ನಡುಗುವುದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಆದರೂ ಒಂದು ಸದ್ದಿಲ್ಲ. ಹಲ್ಲು ತಟ್ಟೆಗೆ ಬಿದ್ದ ಮೇಲೆ ಬಾಯಿ ತುಂಬ ಹತ್ತಿ ಕಚ್ಚಿಕೊಂಡು ನನ್ನ ಕಡೆ ತಿರುಗಿ, ನಕ್ಕಳು. ಇಷ್ಟೇಯ, ಬಾ ಎಂದು ಕೈ ಮಾಡಿದಳು. ನನ್ನ ಹಲ್ಲು ಕೀಳುವಷ್ಟು ಹೊತ್ತೂ ನನ್ನ ಎರಡೂ ಅಂಗೈ ಅವಳ ಮುಷ್ಟಿಯೊಳಗಿದ್ದವು. ಕೀವು ಹರಿದು ಹೋಗಿ, ರಕ್ತ ಅರ್ಧ ಗಂಟೆಗೆ ನಿಂತಿತು.

ಹಿಂದಿರುಗುವಾಗ ಇಬ್ಬರ ಬಾಯಲ್ಲೂ ಹತ್ತಿ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ಅತ್ತೆ “ಹೊಮ್ಮಾಮ” ಎಂದಳು. ಜೀವಮಾನದಲ್ಲಿ ಅತ್ತೆ ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಮನೆ ತಲುಪುವಾಗ ನಾಲ್ಕು ಗಂಟೆ. ನಾನು ಹಿತ್ತಲಿನಿಂದ ಸುತ್ತಿ ಬಂದು ನನ್ನ ಚಾಪೆಯ ಮೇಲೆ ಕೂತೆ. ಅಜ್ಜಿ ಬಾಗಿಲಿಗೆ ಬಂದಳು. ಬೈಗುಳ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿದ್ದೆ. ಅಜ್ಜಿ ಸೊಸೆಯ ಮುಖ ನೋಡದೆ ಮೆಲ್ಲಗೆ ಹೇಳಿದಳು: “ನೀ ಮಿಂದ್ಕಂಡು ಒಳಗೆ ಬಾ. ಗಂಜಿ ಆರ್ಸಿ ಇಟ್ಟಿದ್ದೆ.”

“ಕೂಸು ಒಂದೇ ಆಗ್ತು. ನಾ ಇಲ್ಲೇ ಇರ್ತೆ” ಎಂದು ಅತ್ತೆ ನನ್ನ ಪಕ್ಕ ಕೂತಳು. ಅಜ್ಜಿ ಎರಡು ತಟ್ಟೆ ಗಂಜಿಯನ್ನು ಜಗಲಿಯ ಅಂಚಿನಲ್ಲಿಟ್ಟು ಒಳಗೆ ಹೋದಳು.

ಗಂಜಿ ಕುಡಿದ ಮೇಲೆ ನನ್ನ ತಲೆ ಓಡತೊಡಗಿತು. ಅತ್ತೆಗೆ ಹಲ್ಲುನೋವು ಶುರುವಾಗಿ ಮೂರು ತಿಂಗಳು. ಮುಟ್ಟು ನಿಂತು ವರ್ಷದ ಮೇಲೆ. ಹಾಗಾದರೆ ಹಲ್ಲು ನೋಯುವ ಮೊದಲು, ಅಷ್ಟು ತಿಂಗಳೂ, ತಿಂಗಳಿಗೊಮ್ಮೆ ತಪ್ಪದೆ ಇವಳು ಯಾಕೆ ಹೊರಗೆ ಕೂತಳು? ಆಗ ಯಾವ ಡಾಕ್ಟರೂ ಇರಲಿಲ್ಲ, ಯಾವ ಸೂಜಿಯೂ ಇರಲಿಲ್ಲವಲ್ಲ! ಕೇಳಿದೆ.

ಅತ್ತೆ ಹತ್ತಿಯನ್ನು ತೆಗೆದು ಹಿತ್ತಲಿಗೆ ಎಸೆದಳು. ದನಿ ತಗ್ಗಿಸಿದಳು.

“ಹಲ್ಲಿಗೆ ಹೆದ್ರಿದ್ದು ಹೌದು, ಅದು ಆಮೇಲಿನ ಮಾತು. ಇಪ್ಪತ್ತೆಂಟು ವರ್ಷಾತು ನಾ ಈ ಮನೆಗೆ ಬಂದು. ಪ್ರತಿ ತಿಂಗ್ಳೂ ನಾ ಮಿಂದ್ಕಂಡು ಒಳಗೆ ಬಂದ ದಿನ ನಿನ್ನ ಅಜ್ಜಿ ದೇವರ ಮುಂದೆ ಒಂದು ಕಾಯಿ ಇಡ್ತು, ಬಪ್ಪ ತಿಂಗ್ಳು ಇವ್ಳು ಹೊರಗೆ ಕೂರದೇ ಇರ್ಲಿ, ಮನೆಯಲ್ಲಿ ಒಂದು ಮಗು ಆಗ್ಲಿ ಹೇಳಿ. ಮೊದಮೊದ್ಲು ನಾನೂ ಬೇಡ್ಕತ್ತಿದ್ದೆ. ಆಮೇಲೆ ಬಿಟ್ಟೆ. ಅಜ್ಜಿ ಬಿಡ್ಲೇ ಇಲ್ಲೆ. ನಿಂತೇ ಹೋತು ಹೇಳಿದ್ರೆ, ಪಾಪದ್ದು, ಇನ್ನು ದೇವರ ಹತ್ರ ಎಂತ ಕೇಳವು?”

ನಾನು ಒಳಗೊಳಗೇ ನಕ್ಕದ್ದು, ಮಾವ ಕೆಮ್ಮಿದ್ದು, ನಾನು ಅಪರಾಧವೆಂದುಕೊಂಡದ್ದು ಎಲ್ಲ ನೆನಪಾಗಿ ನಾಚಿಕೆಯಾಯಿತು. ಅವಳ ತೊಡೆಯ ಮೇಲೆ ತಲೆಯಿಟ್ಟೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಅಷ್ಟರಲ್ಲಿ ದೇವರ ಕೋಣೆಯಿಂದ ಅಜ್ಜಿಯ ದನಿ ಕೇಳಿತು.

“ಕೂಸಿಗೆ ಜ್ವರ ಬಿಡ್ತನೇ? ಅದ್ರ ಹೆಸರಲ್ಲಿ ಒಂದು ಕಾಯಿ ಇಟ್ಟಿದ್ದೆ.”

ಅತ್ತೆ ಮುಖ ಹಿತ್ತಲ ಕಡೆ ತಿರುಗಿಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.